ಆಟಿಸಂ ಇರುವವರ ಜೊತೆ ಕೂತು ಸಂಶೋಧನೆ ಮಾಡಿದ್ದು

ಆಟಿಸಂ ಬಗ್ಗೆ ಸಂಶೋಧನೆ ಮಾಡುವವರು ಆಟಿಸಂ ಇರುವವರನ್ನು ಕರೆಯುವುದು ಸಾಮಾನ್ಯವಾಗಿ ಎಲ್ಲಾ ತೀರ್ಮಾನ ಆದ ಮೇಲೆ. ವಿಷಯ ಗೊತ್ತಾಗಿರುತ್ತದೆ, ಹಣ ಮಂಜೂರಾಗಿರುತ್ತದೆ, ಪ್ರಶ್ನಾವಳಿ ತಯಾರಾಗಿರುತ್ತದೆ. ಆಮೇಲೆ 'ನಿಮ್ಮ ಅಭಿಪ್ರಾಯ ಹೇಳಿ' ಅನ್ನುವುದು. ಆಗ ಹೇಳಿ ತಾನೇ ಏನು ಪ್ರಯೋಜನ? ಹೆಚ್ಚೆಂದರೆ ಅಕ್ಷರದ ಗಾತ್ರ ಬದಲಾಗಬಹುದು. ಅದಕ್ಕೇ ನಮ್ಮ ತಂಡ ವಿಷಯ ಆರಿಸುವ ಹೊತ್ತಿಗೇ ಆಟಿಸಂ ಇರುವ ವಯಸ್ಕರನ್ನೂ ಕೆಲವು ತಂದೆತಾಯಿಯರನ್ನೂ ಜೊತೆಗೆ ಕೂರಿಸಿಕೊಂಡಿತು.

ಕೂತ ಮೇಲೆ ವಿಷಯವೇ ಬೇರೆ ದಾರಿ ಹಿಡಿಯಿತು. ನಮ್ಮ ತಲೆಯಲ್ಲಿದ್ದದ್ದು ಸಂವಹನ ತರಬೇತಿ. ಅವರು ಎತ್ತಿದ್ದು ಆತಂಕ, ನಿದ್ದೆ, ಡಾಕ್ಟರ ಮುಂದೆ ಕೂತಾಗ ಮಾತೇ ಹೊರಡದಿರುವುದು. ಇದು ನಮಗೊಬ್ಬರಿಗೇ ಆದ ಅನುಭವ ಏನಲ್ಲ. ಬ್ರಿಟನ್ನಿನಲ್ಲಿ ಆಟಿಸಂ ಇರುವವರು, ಕುಟುಂಬದವರು, ವೃತ್ತಿಪರರು ಸೇರಿ ಸಂಶೋಧನೆಯ ಹತ್ತು ಆದ್ಯತೆಗಳನ್ನು ಆರಿಸಿ 2016ರಲ್ಲಿ ಪ್ರಕಟಿಸಿದಾಗ ಮೊದಲು ನಿಂತದ್ದು ಮಾನಸಿಕ ಆರೋಗ್ಯ. ಅಲ್ಲೇ 2007ರಿಂದ 2011ರವರೆಗೆ ಆಟಿಸಂ ಸಂಶೋಧನೆಗೆ ಸಿಕ್ಕ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಜೀವವಿಜ್ಞಾನ, ಮೆದುಳು ಮತ್ತು ಗ್ರಹಿಕೆಯ ಅಧ್ಯಯನಕ್ಕೆ.

ಸಭೆ ನಡೆಸುವ ರೀತಿಯನ್ನು ನಾವು ಬಹುಪಾಲು ಅಮೆರಿಕದ ಆಸ್ಪೈರ್ ಅನ್ನುವ ಆಟಿಸಂ ಸಂಶೋಧನಾ ತಂಡದಿಂದ ಕಲಿತೆವು. 2006ರಲ್ಲಿ ಅದನ್ನು ಕಟ್ಟಿದವರು ವೈದ್ಯೆ ಕ್ರಿಸ್ಟೀನಾ ನಿಕೊಲೈಡಿಸ್ ಮತ್ತು ಸ್ವತಃ ಆಟಿಸಂ ಇರುವ ಡೋರಾ ರೇಮೇಕರ್. ಅವರ ಸಭೆಗಳು ಹೆಚ್ಚಾಗಿ ಚಾಟ್‌ನಲ್ಲಿ, ಬರಹದಲ್ಲೇ ನಡೆಯುತ್ತಿದ್ದವು. ತೀರ್ಮಾನಕ್ಕೆ ಐದು ಬೆರಳಿನ ಲೆಕ್ಕ: ಒಂದು ಅಂದರೆ ಬಹಳ ಇಷ್ಟ, ಐದು ಅಂದರೆ ಸುತರಾಂ ಬೇಡ. ಯಾರಾದರೂ ಐದು ಹಾಕಿದರೆ ಮತ್ತೆ ಚರ್ಚೆ. ನಾವೂ ಹಾಗೇ ಮಾಡಿದೆವು. ವಿಷಯಪಟ್ಟಿಯನ್ನು ಮೊದಲೇ ಕಳಿಸುತ್ತಿದ್ದೆವು. ಕ್ಯಾಮೆರಾ ಕಡ್ಡಾಯ ಮಾಡಲಿಲ್ಲ. ಸಭೆ ಮುಗಿದ ಮೇಲೂ ಉತ್ತರ ಬರೆಯಲು ಸಮಯ ಕೊಟ್ಟೆವು. ಸಭೆಯಲ್ಲಿ ಒಂದಕ್ಷರ ಟೈಪ್ ಮಾಡದವರೊಬ್ಬರು ಮರುದಿನ ಪುಟಗಟ್ಟಲೆ ಬರೆದು ಕಳಿಸುತ್ತಿದ್ದರು. ಎದುರಾಬದುರು ಸಭೆ ಇಟ್ಟಿದ್ದರೆ 'ಇವರಿಗೆ ಆಸಕ್ತಿ ಇಲ್ಲ' ಅಂತ ನಾವೇ ಸುಮ್ನೆ ಷರಾ ಬರೆದುಬಿಡುತ್ತಿದ್ದೆವು, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಪ್ರಶ್ನಾವಳಿ. 'ಇತ್ತೀಚೆಗೆ ನಿಮಗೆ ಆಗಾಗ ಸುಸ್ತಾಗುತ್ತಿದೆಯೇ?' ಅಂತ ಒಂದು ಪ್ರಶ್ನೆ ಇತ್ತು. ಮೇಲುನೋಟಕ್ಕೆ ಏನೂ ತೊಂದರೆ ಇಲ್ಲ. ಒಬ್ಬರು ಟೈಪ್ ಮಾಡಿದರು: 'ಇತ್ತೀಚೆಗೆ ಅಂದರೆ ಯಾವತ್ತಿನಿಂದ? ಆಗಾಗ ಅಂದರೆ ವಾರಕ್ಕೆ ಎಷ್ಟು ಸಲ? ಮೈಯ ಸುಸ್ತೋ, ಜನರ ಮಧ್ಯೆ ಇದ್ದು ಬಂದ ಸುಸ್ತೋ?' ಕೊನೆಗೆ ಒಂದು ಪ್ರಶ್ನೆ ಮೂರಾಯಿತು. ಅವಧಿ ಬರೆದೆವು, ಉದಾಹರಣೆ ಕೊಟ್ಟೆವು, 'ಹೇಳಲು ಗೊತ್ತಾಗುತ್ತಿಲ್ಲ' ಅನ್ನುವ ಆಯ್ಕೆಯನ್ನೂ ಸೇರಿಸಿದೆವು. ತಮ್ಮ ಮೈಯೊಳಗಿನ ಹಸಿವು, ನೋವು, ದಣಿವನ್ನು ಗುರುತಿಸುವುದೇ ಆಟಿಸಂ ಇರುವ ಹಲವರಿಗೆ ಕಷ್ಟ. ಅಂಥವರಿಗೆ ಆ ಆಯ್ಕೆಯೂ ಒಂದು ಉತ್ತರವೇ.

ಒಪ್ಪಿಗೆಯ ವಿಚಾರದಲ್ಲಿ ನಾನು ತುಂಬಾ ಬಿಗಿ. ಮಾತಾಡದ ಯುವಕನೊಬ್ಬ ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಉತ್ತರಿಸುತ್ತಿದ್ದ. ತಾಯಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದರು. ನಡುವೆ ಅವನು ಟ್ಯಾಬ್ಲೆಟ್ಟನ್ನು ಮೇಜಿನ ತುದಿಗೆ ತಳ್ಳಿದ. 'ಸ್ವಲ್ಪ ಹೊತ್ತು ಬಿಡಿ ಮೇಡಂ, ಮಾಡ್ತಾನೆ' ಅಂದರು ತಾಯಿ. ನಾನು ಅಲ್ಲಿಗೇ ನಿಲ್ಲಿಸಿದೆ. ತಳ್ಳಿದ್ದು ಅವನ 'ಬೇಡ'. ತಾಯಿಯ ಸಹಿ ಅದನ್ನು ಅಳಿಸುವುದಿಲ್ಲ. ಒಪ್ಪಿಗೆಯ ಪ್ರಶ್ನೆ ದೊಡ್ಡ ಅಧ್ಯಯನಗಳನ್ನೂ ಬಿಡುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಸ್ಪೆಕ್ಟ್ರಮ್ 10ಕೆ ಅನ್ನುವ, ಆಟಿಸಂ ಇರುವವರ ಡಿಎನ್‌ಎ ಸಂಗ್ರಹಿಸುವ ದೊಡ್ಡ ಅಧ್ಯಯನ ಶುರುವಾಯಿತು. ಈ ಮಾಹಿತಿ ಮುಂದೆ ಯಾರ ಕೈಗೆ ಹೋಗುತ್ತದೆ, ಯಾತಕ್ಕೆ ಬಳಕೆಯಾಗುತ್ತದೆ ಎಂದು ಆಟಿಸಂ ಇರುವವರೇ ಪ್ರಶ್ನೆ ಎತ್ತಿದ್ದರಿಂದ ಮುಂದಿನ ತಿಂಗಳೇ ಅದನ್ನು ತಡೆಹಿಡಿಯಬೇಕಾಯಿತು.

ದುಡ್ಡಿನ ಮಾತು ಚಿಕ್ಕದು. ಹೀಗೆ ಜೊತೆಗೆ ಕೂರುವವರ ಸಮಯಕ್ಕೆ ಸಂಭಾವನೆ ಮೊದಲ ಬಜೆಟ್‌ನಲ್ಲೇ ಇರಬೇಕು, ಉಡುಗೊರೆ ಕೊಟ್ಟು ಕೈತೊಳೆದುಕೊಳ್ಳಬಾರದು.

ಇನ್ನು ತಂದೆತಾಯಿಯರು ಮತ್ತು ವಯಸ್ಕರು. ಇಬ್ಬರನ್ನೂ 'ಸಮುದಾಯ' ಅಂತ ಒಂದೇ ಗಂಟು ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ. ಡಾಕ್ಟರ ಕೋಣೆಯೊಳಗೆ ಯಾರಿರಬೇಕು ಅನ್ನುವ ಚರ್ಚೆಯಲ್ಲಿ ಒಬ್ಬ ತಾಯಿ, 'ನಾನಿಲ್ಲದಿದ್ದರೆ ನನ್ನ ಮಗಳು ನೋವಿದೆ ಅಂತಲೂ ಹೇಳಲ್ಲ' ಅಂದರು. ವಯಸ್ಕರೊಬ್ಬರು ಬರೆದರು: 'ಅಮ್ಮ ಒಳಗಿದ್ದರೆ ಡಾಕ್ಟರು ನನ್ನ ಮುಖವನ್ನೇ ನೋಡಲ್ಲ.' ಎರಡೂ ನಿಜ. ಪ್ರಶ್ನಾವಳಿಯನ್ನು ಎರಡು ಮಾಡಿದೆವು, ವರದಿಯಲ್ಲೂ ಉತ್ತರಗಳನ್ನು ಬೇರೆಬೇರೆ ಕೊಟ್ಟೆವು. ಲೇಖನ ಪರಿಶೀಲಿಸಿದವರೊಬ್ಬರು ಎರಡನ್ನೂ ಕೂಡಿಸಿ ಒಂದೇ ಕೋಷ್ಟಕ ಮಾಡಿ ಎಂದರು. ತಂಡದಲ್ಲಿ ಬೆರಳಿನ ಲೆಕ್ಕಕ್ಕೆ ಇಟ್ಟೆವು. ಆ ತಾಯಿಯೂ ಐದು ಹಾಕಿದರು, ಆ ವಯಸ್ಕರೂ ಐದು ಹಾಕಿದರು. ಕೋಷ್ಟಕ ಎರಡಾಗಿಯೇ ಅಚ್ಚಾಯಿತು.