ರಾಣಿಪುರಂಗೆ ಹಕ್ಕಿ ನೋಡಲು ಮನೆಮಂದಿಯನ್ನು ಕರೆದುಕೊಂಡು ಹೋಗುವುದು ಹೇಗೆ

ಮೊದಲ ಸಲ ನಾವು ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟಕ್ಕೆ ಹೋದಾಗ ಹದಿಮೂರು ಜನ, ಎರಡು ಜೀಪು. ಬದಿಯಡ್ಕ ಬಿಟ್ಟದ್ದು ಎಂಟು ಗಂಟೆಗೆ. ದಾರಿಯಲ್ಲಿ ಪುಟ್ಟು ಕಡಲೆ ತಿಂದು, ತಿರುವುಗಳಲ್ಲಿ ಒಬ್ಬನಿಗೆ ವಾಂತಿಯಾಗಿ, ಗೇಟು ಮುಟ್ಟುವಾಗ ಹನ್ನೊಂದೂವರೆ. ನಾನು ಕೆಂಪು ಅಂಗಿ ಹಾಕಿದ್ದೆ. ಭಾವನ ಮಗ ಮೊಬೈಲಲ್ಲಿ ಹಾಡು ಹಾಕಿದ್ದ. ಏದುಸಿರು ಬಿಟ್ಟು ತುದಿಗೆ ಹತ್ತಿದರೆ ಕಂಡದ್ದು ಮಂಜು ಮತ್ತು ಬೇರೆಯವರ ಸೆಲ್ಫಿ. ಒಂದು ಹಕ್ಕಿ ಇಲ್ಲ. ಇಳಿದು ಬಂದರೆ, ಮೊಣಕಾಲು ನೋವೆಂದು ಕೆಳಗೇ ಉಳಿದಿದ್ದ ಅಪ್ಪ ಗೋಳಿ ಮರದ ಹತ್ತಿರ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ‘ಐದು ಮಂಗಟ್ಟೆ, ಅದೇ ದೊಡ್ಡ ಕೊಕ್ಕಿನ ಹಕ್ಕಿ, ಬಂದಿತ್ತು, ಹಣ್ಣು ತಿಂದು ಹೋಯಿತು, ನೀವೆಂತ ನೋಡಿದಿರಿ?’ ಎಂದು ಕೇಳಿದರು.

ಹಾಗಾಗಿ ಮೊದಲು ತೀರ್ಮಾನ ಮಾಡಬೇಕಾದ್ದು ಇದು: ನೀವು ಬೆಟ್ಟ ಹತ್ತಲು ಹೋಗುತ್ತಿದ್ದೀರೋ, ಹಕ್ಕಿ ನೋಡಲು ಹೋಗುತ್ತಿದ್ದೀರೋ? ಎರಡೂ ಒಟ್ಟಿಗೆ ಆಗುತ್ತದೆ, ಆದರೆ ಒಂದೇ ವೇಗದಲ್ಲಿ ಆಗುವುದಿಲ್ಲ. ತುದಿ ಮುಟ್ಟಲೇಬೇಕು ಅನ್ನುವವರು ಮುಂದೆ ಹೋಗಲಿ. ಉಳಿದವರು ಕಾಡಿನ ಭಾಗದಲ್ಲೇ ಹತ್ತು ಹೆಜ್ಜೆ ನಡೆದು ಐದು ನಿಮಿಷ ನಿಲ್ಲಲಿ. ಎಲ್ಲರನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವ ಹಟ ಬೇಡ, ಅದರಲ್ಲಿ ಯಾರಿಗೂ ಸುಖ ಇಲ್ಲ.

ಹೋಗುವ ದಾರಿ. ರಾಣಿಪುರಂ ಇರುವುದು ಪನತ್ತಡಿ ಪಂಚಾಯತಿನಲ್ಲಿ, ಕಾಞಂಗಾಡಿನಿಂದ ಪೂರ್ವಕ್ಕೆ 48 ಕಿಲೋಮೀಟರು. ರೈಲಲ್ಲಿ ಬರುವವರಿಗೆ ಕಾಞಂಗಾಡಿನಲ್ಲಿ ಇಳಿಯುವುದೇ ಸುಲಭ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಕಾಸರಗೋಡು ಪೇಟೆಗೆ ಇಳಿಯುವುದೇ ಬೇಡ, ಮಲೆನಾಡ ಹೈವೇಯಲ್ಲಿ ಬಂದಡ್ಕದ ಮೂಲಕ ಕೋಳಿಚ್ಚಾಲಿಗೆ ಹೋಗಿ ಅಲ್ಲಿಂದ ಪಾಣತ್ತೂರು ರಸ್ತೆ ಹಿಡಿಯಬಹುದು. ಸುಳ್ಯದವರಿಗೆ ಪಾಣತ್ತೂರೇ ಹತ್ತಿರ. ಊರಿಗೆ ಮೊದಲು ಮಾಡತ್ತುಮಲ ಎಂದು ಹೆಸರಿತ್ತು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದವರು ಜಾಗ ಪಡೆದು ಜನರನ್ನು ನೆಲೆಗೊಳಿಸಿದ ಮೇಲೆ ರಾಣಿಪುರಂ ಆಯಿತು. ರಾಣಿ ಅಂದರೆ ಯಾವ ಅರಸಿಯೂ ಅಲ್ಲ, ಮಾತೆ ಮೇರಿ. ಮಕ್ಕಳು ಖಂಡಿತ ಕೇಳುತ್ತಾರೆ, ಅದಕ್ಕೆ ಹೇಳಿದೆ.

ಸುಮಾರು 750 ಮೀಟರ್ ಎತ್ತರದ ಜಾಗ. ಕೆಳಗೆ ದಟ್ಟ ಕಾಡು, ಮೇಲೆ ಮರವಿಲ್ಲದ ಹುಲ್ಲು ಬೋಳೆ, ಆಚೆ ಬದಿ ಕೊಡಗಿನ ಕಾಡು. ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಬೇಕು. ಗೇಟಿನ ಸಮಯ ಬದಲಾಗುತ್ತಿರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿ.

ಯಾವಾಗ ಹೋಗಬೇಕು? ಚಿತ್ರಕ್ಕೆ ಚೆಂದ ಬೇಕಾದರೆ ಆಗಸ್ಟ್, ಸೆಪ್ಟೆಂಬರ್. ಬೆಟ್ಟ ಪಚ್ಚೆ ಪಚ್ಚೆ ಇರುತ್ತದೆ, ಆದರೆ ಕನ್ನಡಕಕ್ಕೂ ಬೈನಾಕುಲರಿಗೂ ಮಂಜು ಕೂತು ಏನೂ ಕಾಣುವುದಿಲ್ಲ, ಕಾಲಿಗೆ ಉಂಬಳ (ಜಿಗಣೆ) ಬೇರೆ. ಹಕ್ಕಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಆಗ ಸಿಗುತ್ತವೆ. ಹಿಂದಿನ ರಾತ್ರಿ ಅಲ್ಲೇ ಹತ್ತಿರ ಉಳಿಯುವುದು ಒಳ್ಳೆಯದು. ಬೆಳಗ್ಗಿನ ಮೊದಲ ಎರಡು ಗಂಟೆ ಕಳೆದುಕೊಂಡರೆ ಅರ್ಧ ಹಕ್ಕಿ ಕಳೆದುಕೊಂಡ ಹಾಗೆ. ಗೇಟು ತೆರೆಯುವ ಮೊದಲು ಹೊರಗಿನ ರಸ್ತೆ ಬದಿಯಲ್ಲೇ ನಡೆಯಿರಿ. ತೋಟದ ಅಂಚು, ತೋಡಿನ (ಸಣ್ಣ ಹಳ್ಳದ) ಬದಿ, ಹಣ್ಣಾದ ಗೋಳಿ ಮರ ಇವೆಲ್ಲ ಕಾಡಿನ ಒಳಗಿಗಿಂತ ಚೆನ್ನಾಗಿ ಹಕ್ಕಿ ತೋರಿಸುತ್ತವೆ. ದಟ್ಟ ಕಾಡಲ್ಲಿ ಹಕ್ಕಿ ಇರುತ್ತದೆ, ಕಾಣುವುದಿಲ್ಲ.

ಬೈನಾಕುಲರ್ ಒಂದು ಬೇಕೇ ಬೇಕು, ಎರಡಿದ್ದರೆ ಜಗಳ ಕಡಿಮೆ. 8x42 ಎಂದು ಬರೆದದ್ದು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ ಎಂದರ್ಥ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು ಹತ್ತು ಪಟ್ಟಿನದು ತೋರಿಸಿದರೆ ಮರುಳಾಗಬೇಡಿ, ಮಕ್ಕಳ ಕೈಯಲ್ಲಿ ಅದು ನಡುಗಿ ನಡುಗಿ ತಲೆನೋವು ಬರುತ್ತದೆ. ಹೊಂದಿಸುವುದು ಹೀಗೆ: ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆ ಕಣ್ಣಿಡುವಲ್ಲಿರುವ ಬಳೆ ತಿರುಗಿಸಿ. ಕನ್ನಡಕದವರು ರಬ್ಬರ್ ಕಪ್ಪು ಒಳಗೆ ಮಾಡಿಕೊಂಡು ನೋಡಿ. ಇದನ್ನೆಲ್ಲ ಮನೆ ಅಂಗಳದಲ್ಲೇ ಅಭ್ಯಾಸ ಮಾಡಬೇಕು. ಅಡಿಕೆ ಮರದ ತುದಿಯ ಗೊನೆ ಒಂದನ್ನು ಗುರಿ ಇಟ್ಟುಕೊಳ್ಳಿ. ಕಣ್ಣು ಗೊನೆಯ ಮೇಲೇ ಇರಲಿ, ತಲೆ ತಗ್ಗಿಸದೆ ಬೈನಾಕುಲರನ್ನು ಕಣ್ಣಿಗೆ ತನ್ನಿ. ಮಕ್ಕಳಿಗೆ ಒಂದು ಸಂಜೆಯಲ್ಲಿ ಬರುತ್ತದೆ. ನನಗೆ ಒಂದು ವಾರ ಬೇಕಾಯಿತು!

ಬೆಟ್ಟದ ಅಭ್ಯಾಸವೂ ಬೇಕಾದರೆ ಮೊದಲು ಪೊಸಡಿ ಗುಂಪೆಗೆ ಹೋಗಿ ಬನ್ನಿ. ಚಿಕ್ಕ ಗುಡ್ಡೆ, ಮೇಲಿನಿಂದ ಕಡಲು ಕಾಣುತ್ತದೆ. ಅಲ್ಲೇ ಕಾಲು ನೋವು ಎಂದು ಅತ್ತ ಮಗು ರಾಣಿಪುರಂನಲ್ಲಿ ಹೆಗಲೇರುವುದು ಖಂಡಿತ.

ಬಟ್ಟೆ ಮಣ್ಣಿನ ಬಣ್ಣದ್ದು, ಪಾಚಿ ಬಣ್ಣದ್ದು ಇರಲಿ. ತಲೆಗೆ ದುಡ್ಡು ಕೊಟ್ಟು ಟೋಪಿ ತರಬೇಕೆಂದಿಲ್ಲ, ಅಡಿಕೆ ಹಾಳೆಯ ಮುಟ್ಟಾಳೆ ಇದೆಯಲ್ಲ, ಬಿಸಿಲಿಗೆ ತಂಪು, ಬಣ್ಣವೂ ಕಾಡಿಗೆ ಒಪ್ಪುತ್ತದೆ. ಮಕ್ಕಳು ಮೊದಲು ನಾಚುತ್ತಾರೆ, ಆಮೇಲೆ ಕೊಡುವುದಿಲ್ಲ. ತಿಂಡಿ ಸ್ಟೀಲ್ ಡಬ್ಬಿಯಲ್ಲಿ. ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ. ಚಿಪ್ಸ್ ಪ್ಯಾಕೆಟಿನ ಸದ್ದಿಗೆ ಹಕ್ಕಿ ಹೋಗುತ್ತದೆ, ವಾಸನೆಗೆ ಮಂಗ ಬರುತ್ತದೆ.

ಉಂಬಳಕ್ಕೆ ಹೆದರಬೇಡಿ, ಪ್ಯಾಂಟನ್ನು ಸಾಕ್ಸಿನ ಒಳಗೆ ಸಿಕ್ಕಿಸಿ. ಶೂಸಿನ ಸುತ್ತ ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು. ಅಪ್ಪ ಎಲೆಯಡಿಕೆಯ ಸುಣ್ಣವನ್ನೇ ಹಚ್ಚುತ್ತಾರೆ. ಕಚ್ಚಿದರೆ ಎಳೆಯದೆ ಉಗುರಿನಿಂದ ಬದಿಗೆ ಜಾರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಹರಿಯುತ್ತದೆ, ಅಷ್ಟೇ. ಉಣ್ಣಿ ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಅದೂ ಹಕ್ಕಿ ನೋಡಲು ಒಳ್ಳೆಯದಾದ ಇದೇ ಒಣ ತಿಂಗಳುಗಳಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ ಕೇರಳದ ಕಾಡುಗಳಲ್ಲೂ ಕಂಡಿದೆ. ಒಣ ಎಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ಹೇಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಸಂದಿನಲ್ಲಿ ನೋಡಿ.

ಆನೆ ಇದೆ. ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ, ಇನ್ನೂ ಸ್ವಲ್ಪ ಮುಂದೆ ಹೋಗಿ ನೋಡೋಣ ಎಂಬ ಮಾತೇ ಬೇಡ. ತಿರುಗಿ. ಅರಣ್ಯ ಇಲಾಖೆಯ ವಾಚರ್ ಹೇಳಿದ ಮೇಲೆ ವಾದ ಮಾಡುವ ಭಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ, ಅವರನ್ನು ಮೊದಲೇ ತಯಾರು ಮಾಡಿ.

ಇನ್ನು ಹಕ್ಕಿಯ ವಿಷಯ. ಕಾಡಲ್ಲಿ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡುತ್ತದೆ. ಮಕ್ಕಳಿಗೆ ಐದೇ ಐದು ದನಿ ಕಲಿಸಿ. ‘ಕುಟ್ರೂ, ಕುಟ್ರೂ’ ಎಂದು ಬಿಡದೆ ಹೊಡೆಯುವುದು ಕುಟ್ರು ಹಕ್ಕಿ, ಇದು ಮನೆ ಹಿತ್ತಲಲ್ಲೂ ಸಿಗುತ್ತದೆ. ‘ಊಪ್ ಊಪ್’ ಎಂದು ಪೊದೆಯಿಂದ ಬರುವುದು ಕೆಂಬೂತ. ತೋಡಿನ ಬದಿಯಲ್ಲಿ ಕೆಲಸವಿಲ್ಲದ ಹುಡುಗನೊಬ್ಬ ಸಿಳ್ಳೆ ಹಾಕುತ್ತಾ, ರಾಗವನ್ನು ಅರ್ಧಕ್ಕೇ ಬಿಟ್ಟು ಮತ್ತೆಲ್ಲಿಂದಲೋ ಹಿಡಿದ ಹಾಗೆ ಕೇಳಿದರೆ ಅದು ಸಿಳ್ಳಾರ, ಅಲ್ಲಿನವರು ಮಲಯಾಳದಲ್ಲಿ ಚೂಳಕ್ಕಾಕ್ಕ ಅನ್ನುತ್ತಾರೆ. ಮಳೆಗಾಲದಲ್ಲಿ ಅದರ ಹಾಡು ಜಾಸ್ತಿ. ಕೆಮ್ಮಿ ನಕ್ಕ ಹಾಗೆ ಕೇಳಿದರೆ ಅಪ್ಪನ ಮಂಗಟ್ಟೆ, ಬೂದು ಬಣ್ಣದ್ದು, ಮಲಯಾಳದಲ್ಲಿ ಕೋಳಿ ವೇಳಾಂಬಲ್. ಇದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಇದರ ದೊಡ್ಡಣ್ಣ, ತಲೆ ಮೇಲೆ ಹಳದಿ ಕಿರೀಟದ ದಾಸ ಮಂಗಟ್ಟೆ, ಕೇರಳದ ರಾಜ್ಯಪಕ್ಷಿ. ಕರ್ನಾಟಕದ್ದು ನೀಲಕಂಠ. ಗಡಿಯಲ್ಲಿ ಇರುವ ನಮಗೆ ಎರಡೂ ನಮ್ಮದೇ, ಅಲ್ವಾ? ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಬಿಟ್ಟು. ಗಂಡು ಹೊರಗಿನಿಂದ ಹಣ್ಣು ತಂದು ಕೊಡಬೇಕು. ಈ ಕಥೆ ಹೇಳಿದ ಮೇಲೆ ನನ್ನ ಮಗಳು ಎಲ್ಲ ಪೊಟರೆಗಳನ್ನೂ ಇಣುಕಿ ನೋಡಲು ಶುರು ಮಾಡಿದಳು. ನೋಡಲಿ, ದೂರದಿಂದ. ಗೂಡಿನ ಹತ್ತಿರ ನಿಲ್ಲುವುದು, ಫೋಟೋ ತೆಗೆಯುವುದು ಬೇಡ.

ಐದನೆಯದು ಭೀಮರಾಜ, ಬಾಲದಲ್ಲಿ ಎರಡು ಉದ್ದ ದಾರ, ತುದಿಗೆ ಪುಕ್ಕದ ಕುಚ್ಚು. ಇದಕ್ಕೆ ತನ್ನದೇ ದನಿ ಎಂಬುದು ಕಡಿಮೆ, ಎಲ್ಲರ ಅನುಕರಣೆ. ಮರ್ಲಿನ್ ಎಂಬ ಆ್ಯಪ್ ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಮನೆಯಲ್ಲೇ ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಲ್ಲೂ ನಡೆಯುತ್ತದೆ. ಆದರೆ ಭೀಮರಾಜ ಅದಕ್ಕೂ ಟೋಪಿ ಹಾಕುತ್ತದೆ. ಆ್ಯಪ್ ಹೇಳಿದ್ದನ್ನು ಕಣ್ಣಿಂದ ನೋಡಿದ ಮೇಲೆಯೇ ಬರೆದುಕೊಳ್ಳಿ. ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಮಾತ್ರ ಮಾಡಬೇಡಿ, ಪಾಪ, ಬೇರೆ ಹಕ್ಕಿ ಜಾಗಕ್ಕೆ ಬಂತೆಂದು ಅದು ಸುಮ್ನೆ ಜಗಳಕ್ಕೆ ಬರುತ್ತದೆ.

ಭೀಮರಾಜ ಕಂಡರೆ ನಿಂತುಬಿಡಿ. ಅದರ ಜೊತೆ ದೊಡ್ಡ ಮೆರವಣಿಗೆಯೇ ಬರುವುದು ಹೆಚ್ಚು. ಕೆಂಪು ಚಿತ್ರಪಕ್ಷಿ, ಮರಕುಟಿಗ, ಕಾಂಡದಲ್ಲಿ ತಲೆಕೆಳಗಾಗಿ ಓಡುವ ಪುಟ್ಟ ನೀಲಿ ಹಕ್ಕಿ, ಉದ್ದ ಬಿಳಿ ಬಾಲದ ರಾಜಹಕ್ಕಿ, ಎಲ್ಲ ಒಟ್ಟಿಗೆ ಹುಳ ಹುಡುಕುತ್ತಾ ಸಾಗುತ್ತವೆ. ಅರ್ಧ ಗಂಟೆ ಏನೂ ಇರುವುದಿಲ್ಲ, ಮಕ್ಕಳು ‘ಬೋರು’ ಎಂದು ಮುಖ ಊದಿಸುತ್ತಾರೆ, ಆಮೇಲೆ ಐದು ನಿಮಿಷದಲ್ಲಿ ಹತ್ತು ಜಾತಿ ತಲೆಯ ಮೇಲೆ ಹಾದು ಹೋಗುತ್ತವೆ. ಆಗ ಪುಸ್ತಕ ತೆರೆಯಬೇಡಿ, ಬರೀ ನೋಡಿ. ತೋರಿಸುವಾಗ ‘ಅಲ್ಲಿ, ಅಲ್ಲಿ’ ಎಂದರೆ ಯಾರಿಗೂ ಸಿಗುವುದಿಲ್ಲ. ಮರವನ್ನು ಗಡಿಯಾರ ಮಾಡಿ, ‘ಎರಡು ಗಂಟೆಯ ಕೊಂಬೆ’ ಎನ್ನಿ.

ಹುಲ್ಲು ಬೋಳೆ ತಲುಪಿದರೆ ಹಕ್ಕಿ ಬದಲಾಗುತ್ತದೆ. ಅಲ್ಲಿ ಮೇಲೆ ನೋಡಬೇಕು. ಗಾಳಿಯಲ್ಲಿ ಸುತ್ತುವ ಸರ್ಪ ಹದ್ದು, ಕವಲುತೋಕೆ. ಬಿಸಿಲೇರಿದ ಮೇಲೆ ನಿಲ್ಲುವುದು ಕಷ್ಟ, ಹತ್ತೂವರೆಗೆ ಇಳಿಯಲು ಶುರು ಮಾಡಿ.

ಕೆಳಗೆ ಚಾಯ ಕುಡಿಯುವಾಗಲೇ ಪಟ್ಟಿ ಬರೆಯಿರಿ, ಮನೆಗೆ ಹೋದ ಮೇಲೆ ಎಂದರೆ ಆಗುವುದಿಲ್ಲ. ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕುವುದಾದರೆ ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂಬುದೂ ಬೇಕು. ನಮ್ಮಲ್ಲಿ ಬರೆಯುವ ಕೆಲಸ ಮಗಳದ್ದು. ಹೋದ ಜನವರಿಯ ಪುಟದಲ್ಲಿ ಇಪ್ಪತ್ತೆರಡು ಹೆಸರು ಉಂಟು. ಒಂಬತ್ತನೆಯ ಸಾಲಿನಲ್ಲಿ ಹೀಗಿದೆ: ‘ಅಜ್ಜ ನೋಡಿದ್ದು. ಹೆಸರು ಗೊತ್ತಿಲ್ಲ. ಬಾಲ ಉದ್ದ.’