ರಕ್ಷಣಾ ಬಿಡಿಭಾಗಗಳ ರಫ್ತು: ಡ್ರಾಯಿಂಗ್ ಕಳುಹಿಸುವ ಮುನ್ನ ಪರವಾನಗಿಯ ವಿಚಾರ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಕಾರ್ಖಾನೆಗೆ ಫ್ರಾನ್ಸಿನ ಕಂಪನಿಯೊಂದರಿಂದ ಯುದ್ಧವಿಮಾನದ ಬಿಡಿಭಾಗ ಮಾಡಿಕೊಡುವ ಬೇಡಿಕೆ ಬಂದಿದೆ ಎಂದು ಭಾವಿಸಿ. ಮಾಲೀಕರು ಬೆಲೆ, ಲೋಹ, ಗಡುವುಗಳ ಲೆಕ್ಕದಲ್ಲಿ ಮುಳುಗುತ್ತಾರೆ. ಪರವಾನಗಿಯ ನೆನಪಾಗುವುದು ಸರಕು ಪೆಟ್ಟಿಗೆಗೆ ಸೇರಿದ ಮೇಲೆ. ಆದರೆ ಕಾನೂನಿನ ಕಣ್ಣಿನಲ್ಲಿ ರಫ್ತು ಎಂದರೆ ಬಂದರಿನಿಂದ ಹೊರಡುವ ಪೆಟ್ಟಿಗೆ ಮಾತ್ರವಲ್ಲ. ತಾಂತ್ರಿಕ ವಿವರವುಳ್ಳ ಡ್ರಾಯಿಂಗ್ ಅನ್ನು ಇ-ಮೇಲ್ ಮೂಲಕ ವಿದೇಶಕ್ಕೆ ಕಳುಹಿಸಿದರೂ ಅದು ತಂತ್ರಜ್ಞಾನದ ರಫ್ತೇ ಆಗುತ್ತದೆ. ಆದ್ದರಿಂದ ಪರವಾನಗಿಯ ಕೆಲಸವನ್ನು ಬೆಲೆಪಟ್ಟಿ ಕಳುಹಿಸುವ ಹಂತದಲ್ಲೇ ಆರಂಭಿಸಬೇಕು.

ಮೊದಲ ಕೆಲಸ ವರ್ಗೀಕರಣ, ಮತ್ತು ಹೆಚ್ಚಿನ ಸಮಯ ಸಲ್ಲಬೇಕಾದುದೂ ಇದಕ್ಕೇ. ನಿಯಂತ್ರಿತ ಸರಕು, ಸಾಫ್ಟ್‌ವೇರ್ ಮತ್ತು ತಂತ್ರಜ್ಞಾನಗಳನ್ನು ಭಾರತ ಸರ್ಕಾರ ಸ್ಕೋಮೆಟ್ ಪಟ್ಟಿಯಲ್ಲಿ ಸೇರಿಸಿದೆ. ಅದರ 6ನೆಯ ವರ್ಗ ಸೇನಾ ಸಾಮಗ್ರಿಗಳದ್ದು. ಅದರೊಳಗೆ 6ಎ010 ಸೇನಾ ವಿಮಾನ, ಎಂಜಿನ್ ಮತ್ತು ಅವುಗಳ ಬಿಡಿಭಾಗಗಳಿಗೆ, 6ಎ021 ಸಾಫ್ಟ್‌ವೇರ್‌ಗೆ, 6ಎ022 ತಂತ್ರಜ್ಞಾನಕ್ಕೆ ಸಂಬಂಧಿಸಿವೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಭಾಗವನ್ನು ಸೇನಾ ಬಳಕೆಗೆಂದೇ ವಿನ್ಯಾಸಗೊಳಿಸಲಾಗಿದೆಯೇ ಅಥವಾ ಮಾರ್ಪಡಿಸಲಾಗಿದೆಯೇ ಎಂಬುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟ್ ಯುದ್ಧವಿಮಾನಕ್ಕೆ ಹೋದ ಮಾತ್ರಕ್ಕೆ ಸೇನಾ ಸಾಮಗ್ರಿಯಾಗುವುದಿಲ್ಲ. ಆ ವಿಮಾನಕ್ಕೆಂದೇ ರೂಪಿಸಿದ ಪುಟ್ಟ ಬ್ರಾಕೆಟ್ ಆಗಬಹುದು. ಉತ್ತರ ಏನೇ ಬರಲಿ, ನಿರ್ಧಾರಕ್ಕೆ ಬಂದ ಕಾರಣವನ್ನು ಎಂಜಿನಿಯರ್ ಸಹಿಯೊಂದಿಗೆ ಬರೆದಿಡಿ. ಮುಂದೆ ಅಧಿಕಾರಿಗಳು ಕೇಳಿದಾಗ ನಿಮ್ಮ ಪರವಾಗಿ ಮಾತನಾಡುವುದು ಆ ಒಂದು ಹಾಳೆಯೇ.

ಎಲ್ಲಿಗೆ ಅರ್ಜಿ ಹಾಕಬೇಕು ಎಂಬುದು ವರ್ಗದ ಮೇಲೆ ನಿಂತಿದೆ. 6ನೆಯ ವರ್ಗದ ಸಾಮಗ್ರಿಗೆ ಸಾಮಾನ್ಯವಾಗಿ ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ ಅನುಮತಿ ನೀಡುತ್ತದೆ. ನಾಗರಿಕ ಮತ್ತು ಸೇನಾ ಬಳಕೆ ಎರಡಕ್ಕೂ ಒದಗುವ ಎಲೆಕ್ಟ್ರಾನಿಕ್ಸ್‌ನಂಥವು 8ನೆಯ ವರ್ಗಕ್ಕೆ ಬಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿಯ, ಬಾಗಿಲು ತಟ್ಟಬೇಕು. ಆಮದು-ರಫ್ತು ಸಂಕೇತ, ಅಂದರೆ ಐಇಸಿ, ಎರಡೂ ಕಡೆ ಬೇಕು.

ಅರ್ಜಿಯ ಜೀವಾಳ ಅಂತಿಮ ಬಳಕೆಯ ಪ್ರಮಾಣಪತ್ರ. ಸರಕು ಯಾರ ಕೈ ಸೇರುತ್ತದೆ, ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಖರೀದಿದಾರರು ಅದರಲ್ಲಿ ಲಿಖಿತವಾಗಿ ಒಪ್ಪಿಕೊಳ್ಳುತ್ತಾರೆ. ನಡುವೆ ವಿತರಕರಿದ್ದರೆ ಅವರ ಹೆಸರನ್ನೂ ಮರೆಮಾಚದೆ ನಮೂದಿಸಿ. ಖರೀದಿ ಆದೇಶ, ಪ್ರಮಾಣಪತ್ರ ಮತ್ತು ಅರ್ಜಿಗಳಲ್ಲಿ ಭಾಗದ ಹೆಸರು, ಪ್ರಮಾಣ, ವಿಳಾಸಗಳು ಅಕ್ಷರಶಃ ಹೊಂದಬೇಕು. ಒಂದು ಸಣ್ಣ ವ್ಯತ್ಯಾಸವೂ ಕಡತವನ್ನು ಪ್ರಶ್ನೆಯೊಂದಿಗೆ ಹಿಂದಕ್ಕೆ ತರಬಲ್ಲದು.

ಪದೇಪದೇ ರಫ್ತು ಮಾಡುವವರಿಗೆ 2019ರಲ್ಲಿ ಬಂದ ಸಾಮಾನ್ಯ ಮುಕ್ತ ರಫ್ತು ಪರವಾನಗಿ ದೊಡ್ಡ ಅನುಕೂಲ. ನಿಗದಿತ ದೇಶಗಳಿಗೆ ನಿಗದಿತ ಬಿಡಿಭಾಗಗಳನ್ನು ಪ್ರತಿ ಸಲವೂ ಹೊಸ ಅನುಮತಿ ಪಡೆಯದೆ ಇದರಡಿ ಕಳುಹಿಸಬಹುದು. ಆರಂಭದ ಪಟ್ಟಿಯಲ್ಲಿ ಫ್ರಾನ್ಸ್, ಜರ್ಮನಿ, ಜಪಾನ್, ಸ್ವೀಡನ್, ಬ್ರಿಟನ್, ಅಮೆರಿಕ ಮೊದಲಾದ ದೇಶಗಳಿದ್ದವು. ದೇಶ ಮತ್ತು ಸಾಮಗ್ರಿಗಳ ಚಾಲ್ತಿಯಲ್ಲಿರುವ ಪಟ್ಟಿಯನ್ನು ಇಲಾಖೆಯ ಪೋರ್ಟಲ್‌ನಲ್ಲಿಯೇ ನೋಡಿಕೊಳ್ಳಿ. ಇದಕ್ಕೆ ಕಂಪನಿಯೊಳಗೆ ನಿಯಮಪಾಲನೆಯ ವ್ಯವಸ್ಥೆ ಇರಬೇಕು, ಮೂರು ತಿಂಗಳಿಗೊಮ್ಮೆ ಮತ್ತು ವರ್ಷದ ಕೊನೆಗೆ ವರದಿ ಸಲ್ಲಿಸಬೇಕು. ಡ್ರೋನ್‌ಗೆಂದೇ ವಿನ್ಯಾಸಗೊಳಿಸಿದ ಬಿಡಿಭಾಗಗಳನ್ನು 2019ರ ಆ ಸೌಲಭ್ಯದಿಂದ ಹೊರಗಿಡಲಾಗಿತ್ತು. ಡ್ರೋನ್ ಉದ್ಯಮಕ್ಕೆ ಇಳಿಯುತ್ತಿರುವ ನಮ್ಮ ಯುವ ಉದ್ಯಮಿಗಳು ಈ ಒಂದು ಅಂಶವನ್ನು ಆರಂಭದಲ್ಲೇ ಪರಿಶೀಲಿಸಬೇಕೆಂಬುದು ನನ್ನ ಕಳಕಳಿಯ ಮನವಿ.

ಭಾರತದ ಅನುಮತಿಯೊಂದೇ ಸಾಲದ ಸಂದರ್ಭಗಳೂ ಇವೆ. ನಿಮ್ಮ ಭಾಗದಲ್ಲಿ ಅಮೆರಿಕದ ಸೇನಾ ತಂತ್ರಜ್ಞಾನ ಸೇರಿದ್ದರೆ, ಅದನ್ನು ಮೂರನೆಯ ದೇಶಕ್ಕೆ ಕಳುಹಿಸಲು ಅಮೆರಿಕದ ಸೇನಾ ಸಾಮಗ್ರಿ ರಫ್ತು ನಿಯಮವಾದ ಐಟಾರ್ ಅಡಿ ಅಮೆರಿಕ ಸರ್ಕಾರದ ಒಪ್ಪಿಗೆ ಬೇಕಾಗುತ್ತದೆ. ಡ್ರಾಯಿಂಗ್ ಕೊಟ್ಟ ಪಾಲುದಾರರಿಂದ ಅದರ ನಿಯಂತ್ರಣದ ಸ್ಥಿತಿಯನ್ನು ಒಪ್ಪಂದಕ್ಕೆ ಮೊದಲೇ ಲಿಖಿತವಾಗಿ ಪಡೆಯಿರಿ.

ಪರವಾನಗಿ ಬಂದ ಮೇಲೆ ಅದರ ಅವಧಿ, ಪ್ರಮಾಣ ಮತ್ತು ಷರತ್ತುಗಳನ್ನು ಸರಕು ಸಾಗಿಸುವ ಸಿಬ್ಬಂದಿಗೂ ತಿಳಿಸಿ, ಕಸ್ಟಮ್ಸ್ ದಾಖಲೆಯಲ್ಲಿ ಅದರ ಸಂಖ್ಯೆಯನ್ನು ನಮೂದಿಸಿ, ಪತ್ರವ್ಯವಹಾರ ಸಹಿತ ಎಲ್ಲ ಕಾಗದಗಳನ್ನು ಕನಿಷ್ಠ 5 ವರ್ಷ ಜೋಪಾನವಾಗಿಡಿ.