ಬಾಸೆಲ್‌ಗೆ ಬಂದಿದ್ದೀರಾ? ಮೊದಲು ಈ ಊರಿನವರ ಪರಿಚಯ ಮಾಡಿಕೊಳ್ಳಿ

ಸ್ವಿಟ್ಜರ್ಲೆಂಡಿನ ಈ ಊರಿಗೆ ಹೊಸದಾಗಿ ಬಂದವರ ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡೋಣ. ಬಂದ 14 ದಿನದೊಳಗೆ ವಿಳಾಸ ನೋಂದಾಯಿಸಿ. 3 ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಿ. ಕಸವನ್ನು ಊರಿನ ನೀಲಿ ಚೀಲದಲ್ಲೇ ಹಾಕಿ. ಭಾನುವಾರ ವಾಷಿಂಗ್ ಮೆಷಿನ್ ಹಾಕುವ ಮೊದಲು ಬಿಲ್ಡಿಂಗ್ ನಿಯಮ ನೋಡಿ. ಉಳಿದದ್ದು ಆಫೀಸಿನವರು ಹೇಳುತ್ತಾರೆ.

ನಾನು ಹೇಳಬೇಕೆಂದಿರುವುದು ಬೇರೆ. ಇಲ್ಲಿರುವ ನಮ್ಮವರಲ್ಲಿ ಬಹಳ ಜನ ಔಷಧ ಕಂಪನಿಗೋ ಐಟಿ ಕೆಲಸಕ್ಕೋ ಬಂದವರು. ವಾರವಿಡೀ ಆಫೀಸು, ಶನಿವಾರ ದಿನಸಿ, ರಜೆ ಸಿಕ್ಕರೆ ಯುಂಗ್‌ಫ್ರಾವ್, ಟಿಟ್ಲಿಸ್ ಹಿಮಬೆಟ್ಟಗಳು. ಹೀಗೇ ವರ್ಷಗಳು ಹೋಗುತ್ತವೆ. ಆಮೇಲೆ, "ಬಾಸೆಲ್‌ನಲ್ಲಿ ನೋಡೋಕೆ ಏನಿದೆ, ಬೆಟ್ಟವೂ ಇಲ್ಲ, ಹಿಮವೂ ಇಲ್ಲ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಮ್ಮ ಕಡೆ ಊರನ್ನು ನಾವು ಹೀಗೆ ಅಳೆಯುತ್ತೇವಾ? ಧಾರವಾಡ ಅಂದರೆ ಬೇಂದ್ರೆ, ಕುಪ್ಪಳಿ ಅಂದರೆ ಕುವೆಂಪು, ಗದಗ ಅಂದರೆ ಕುಮಾರವ್ಯಾಸ. ಊರಿನ ಹೆಸರು ಕೇಳಿದ ಕೂಡಲೇ ಅಲ್ಲಿನವರೊಬ್ಬರ ಹೆಸರು ಬಾಯಿಗೆ ಬರುತ್ತದೆ. ಆ ಅಭ್ಯಾಸವನ್ನು ಇಲ್ಲಿಗೂ ತನ್ನಿ. ಬಾಸೆಲ್ ಯಾರ ಊರು ಅಂತ ಕೇಳಿ. ಕೇಳಿದರೆ ಉತ್ತರ ಮುಗಿಯುವುದೇ ಇಲ್ಲ.

ನಾವು ಕನ್ನಡಿಗರು ಶುರು ಮಾಡಬೇಕಾದ ಜಾಗ ಒಂದೇ. ಶ್ಪಾಲೆನ್‌ಟೋರ್ ಅಂತ ಊರಿನ ಹಳೆಯ ಕೋಟೆ ಬಾಗಿಲು ಇದೆ. ಅದರಿಂದ ಹೊರಕ್ಕೆ ಹೋಗುವ ರಸ್ತೆಯ ಹೆಸರು ಮಿಸಿಯೋನ್ಸ್‌ಸ್ಟ್ರಾಸೆ. ಅಲ್ಲಿ 21ನೇ ನಂಬರಿನ ದೊಡ್ಡ ಕಟ್ಟಡವೇ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮತ ಪ್ರಚಾರ ಸಂಸ್ಥೆಯ ಮನೆ. ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆಯವರು ಈ ಹೆಸರು ಕೇಳಿಕೊಂಡೇ ಬೆಳೆದಿರುತ್ತೀರಿ. ಬಾಸೆಲ್ ಮಿಶನ್ ಸ್ಕೂಲು, ಬಾಸೆಲ್ ಮಿಶನ್ ಪ್ರೆಸ್ಸು, ಬಾಸೆಲ್ ಮಿಶನ್ ಕಾಂಪೌಂಡು. ಆದರೆ ಆ "ಬಾಸೆಲ್" ಇದೇ ಊರು ಅನ್ನುವುದು ಇಲ್ಲಿಗೆ ಬಂದ ಮೇಲೂ ಎಷ್ಟೋ ಜನಕ್ಕೆ ಹೊಳೆದಿರುವುದಿಲ್ಲ.

1815ರಲ್ಲಿ ಇಲ್ಲಿ ಮಿಶನ್ ಶುರುವಾಯಿತು. 1834ರಲ್ಲಿ ಅದರ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದವರು ಹೆರ್ಮಾನ್ ಮೋಗ್ಲಿಂಗ್. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಇವತ್ತಿಗೂ ಜುಲೈ 1ರಂದು ಪತ್ರಿಕಾ ದಿನ ಮಾಡುತ್ತೇವಲ್ಲ, ಅದು ಇದೇ ಲೆಕ್ಕ. ದಾಸರ ಪದಗಳನ್ನು, ಜೈಮಿನಿ ಭಾರತವನ್ನು, ಬಸವಪುರಾಣವನ್ನು ಅಚ್ಚು ಹಾಕಿಸಿದ ಕೆಲಸದಲ್ಲೂ ಅವರ ಕೈ ದೊಡ್ಡದು.

ಇನ್ನು ಫರ್ಡಿನಾಂಡ್ ಕಿಟ್ಟೆಲ್. ಹುಟ್ಟಿದ್ದು ಜರ್ಮನಿಯ ಉತ್ತರದ ಕಡಲ ಕರೆಯಲ್ಲಿ, 1832ರಲ್ಲಿ. ತರಬೇತಿ ಪಡೆದದ್ದು ಬಾಸೆಲ್‌ನಲ್ಲಿ. 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಇಪ್ಪತ್ತೊಂದರ ಹುಡುಗ. ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿದರು. ನಡುವೆ ಯುರೋಪಿಗೆ ಮರಳಿದ್ದರೂ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಸುಮಾರು 70,000 ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಅವರ ಪ್ರತಿಮೆ ನೋಡಿದ್ದೀರಿ, ಅಲ್ವಾ?

ಇವರನ್ನು ಸುಮ್ನೆ ಹೊಗಳಿ ಮುಗಿಸಬೇಡಿ. ಅವರು ಬಂದದ್ದು ಮತ ಪ್ರಚಾರಕ್ಕೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮತ ಬದಲಿಸಿದವರನ್ನು ಮನೆಯವರು, ಜಾತಿಯವರು ದೂರ ಮಾಡಿದರು. ಅವರ ಕುಲಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆಂದೇ ಮಿಶನ್ ನೇಯ್ಗೆ, ಹೆಂಚಿನ ಕಾರ್ಖಾನೆ ಶುರು ಮಾಡಿತು. 1865ರಲ್ಲಿ ಪ್ಲೆಬ್ಸ್ಟ್ ಅನ್ನುವವರು ಮಂಗಳೂರಿನಲ್ಲಿ ಹಾಕಿದ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ಹುಟ್ಟಿತು. ನನ್ನ ಅಜ್ಜಿಯ ಮನೆಯ ಮಾಡಿನಲ್ಲಿ ಇದ್ದದ್ದು ಆ ಹೆಂಚೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹೊರಹಾಕಿ ಕಾರ್ಖಾನೆಗಳನ್ನು ಕಿತ್ತುಕೊಂಡರು. ಒಳ್ಳೆಯದು, ನೋವಿನದು, ಎರಡನ್ನೂ ಮಕ್ಕಳಿಗೆ ಹೇಳಿ. ಅರ್ಧ ಕಥೆ ಹೇಳಿದರೆ ದೊಡ್ಡವರಾದ ಮೇಲೆ ಅವರು ನಮ್ಮನ್ನು ನಂಬುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕಿಟ್ಟೆಲ್ ಕಲಿತ ರೀತಿ. ದೊಡ್ಡವರಾದ ಮೇಲೆ ಬಂದು, ಪಂಡಿತರ ಮುಂದೆ ಕೂತು, ಹಳಗನ್ನಡದ ತನಕ ಹೋದರು. ನಾವು? ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಜರ್ಮನ್ ಯಾಕೆ ಬೇಕು ಅನ್ನುತ್ತೇವೆ. ಮಗುವಿನ ಟೀಚರ್ ಮುಂದೆ ಮಗುವನ್ನೇ ದುಭಾಷಿ ಮಾಡುತ್ತೇವೆ. ಆರು ವರ್ಷದ ಮಗು ತನ್ನ ಬಗ್ಗೆಯೇ ಬಂದ ದೂರನ್ನು ಅಪ್ಪ-ಅಮ್ಮನಿಗೆ ಅನುವಾದಿಸುವುದನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ದಯವಿಟ್ಟು ಮೊದಲ ವರ್ಷವೇ ಕ್ಲಾಸಿಗೆ ಸೇರಿ. ನೆರೆಮನೆಯ ಅಜ್ಜಿಗೆ ಇಲ್ಲಿಯ ಮಾತಲ್ಲೇ "ಗ್ವೇಟೆ ಡಾಗ್" (ನಮಸ್ಕಾರ) ಹೇಳಿ. ತಪ್ಪು ಮಾತಾಡಿದರೂ ಇಲ್ಲಿಯವರು ಕೇಳಿಸಿಕೊಳ್ಳುತ್ತಾರೆ.

ಮಿಶನ್ ಮನೆಯ ಇನ್ನೊಂದು ಕಥೆ ಮಕ್ಕಳದ್ದೇ. ಭಾರತದಲ್ಲಿ ಹುಟ್ಟಿದ ಪಾದ್ರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸುತ್ತಿದ್ದರು. ಅವರಿಗೆಂದೇ ಬಾಸೆಲ್‌ನಲ್ಲಿ ಮಿಶನ್ನಿನ ಹಾಸ್ಟೆಲ್ ಇತ್ತು. ಅಪ್ಪ-ಅಮ್ಮ ಅಲ್ಲಿ, ಮಕ್ಕಳು ಇಲ್ಲಿ. ನಡುವೆ ಬರೀ ಕಾಗದ. ಮಲಯಾಳ ನಿಘಂಟು ಮಾಡಿದ ಹೆರ್ಮಾನ್ ಗುಂಡರ್ಟ್ ಅವರ ಮಗಳು ಮರಿ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ-ತಾಯಿ ಮತ್ತೆ ಹಡಗು ಹತ್ತಿದರು. ಹದಿಹರೆಯದಲ್ಲಿ ಅವಳು ಭಾರತಕ್ಕೆ ಮರಳಿದಾಗ ಅಪ್ಪ-ಅಮ್ಮನನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿತ್ತು. ಆ ಮರಿಯ ಮಗನೇ 1946ರಲ್ಲಿ ನೊಬೆಲ್ ಪಡೆದ ಸಾಹಿತಿ ಹೆರ್ಮಾನ್ ಹೆಸ್ಸೆ. ಹೆಸ್ಸೆ 1881ರಿಂದ 1886ರವರೆಗೆ ಬಾಲ್ಯ ಕಳೆದದ್ದು ಬಾಸೆಲ್‌ನಲ್ಲಿ. ದೊಡ್ಡವರಾದ ಮೇಲೆ ಮತ್ತೆ ಬಂದು ಇಲ್ಲೇ ಪುಸ್ತಕದ ಅಂಗಡಿಗಳಲ್ಲಿ ಕೆಲಸ ಮಾಡಿದರು. ಅವರ ಮನೆಯಲ್ಲಿ ಮಲಬಾರಿನ ನೆನಪುಗಳೂ ಹಾಡುಗಳೂ ಇದ್ದವು.

ನಮ್ಮ ಮಕ್ಕಳದ್ದು ಇದರ ತಿರುಗುಮುರುಗು. ಅವರು ನಮ್ಮ ಜೊತೆಗೇ ಇದ್ದಾರೆ. ದೂರ ಉಳಿದದ್ದು ಅಜ್ಜ-ಅಜ್ಜಿ. ನನ್ನ ಮಗಳು ಇಲ್ಲೇ ಹುಟ್ಟಿದವಳು. ಅಜ್ಜಿಯ ಜೊತೆ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ" ದಾಟಿ ಮಾತು ಮುಂದೆ ಹೋಗುವುದಿಲ್ಲ. ಅಜ್ಜಿಯ ಮಡಿಲಲ್ಲಿ ಕೂತು ಕಲಿಯಬೇಕಾದ ಒಗಟು, ಗಾದೆ, ಹಾಡು ಯಾವ ಆನ್‌ಲೈನ್ ಕ್ಲಾಸಿನಲ್ಲೂ ಸಿಗುವುದಿಲ್ಲ. ಈ ನಷ್ಟವನ್ನು ನಾನು ಚಿಕ್ಕದು ಮಾಡಿ ಹೇಳಲಾರೆ. ಆದರೆ ಅವಳಿಗೆ ಈ ಊರಿನ ಮೇಲೂ ಹಕ್ಕಿದೆ. ಆ ಹಕ್ಕನ್ನು ಅವಳು ಪೂರ್ತಿ ಅನುಭವಿಸಬೇಕು ಅಂದರೆ, ಇಲ್ಲಿಯ ಹಿರಿಯರು ಅವಳಿಗೂ ಹಿರಿಯರು ಅಂತ ಮನೆಯಲ್ಲಿ ಹೇಳಿಕೊಡಬೇಕು.

ಹಾಗೆ ಹೇಳಿಕೊಡಲು ಮ್ಯುನ್‌ಸ್ಟರ್ ಒಳ್ಳೆಯ ಜಾಗ. ರೈನ್ ನದಿಯ ಮೇಲೆ ನಿಂತಿರುವ ಆ ಕೆಂಪು ಕಲ್ಲಿನ ದೊಡ್ಡ ಚರ್ಚು. ಒಳಗೆ ದೊಡ್ಡ ವಿದ್ವಾಂಸ ಎರಾಸ್ಮಸ್ ಅವರ ಸಮಾಧಿ ಇದೆ. ರಾಟರ್‌ಡ್ಯಾಮಿನವರು, ಇಲ್ಲಿಯ ಮುದ್ರಕ ಫ್ರೋಬೆನ್ ಅವರನ್ನು ಹುಡುಕಿಕೊಂಡು ಬಂದವರು. 1529ರಲ್ಲಿ ಊರು ಪ್ರಾಟೆಸ್ಟೆಂಟ್ ಆದಾಗ ಬಿಟ್ಟು ಹೋದರು. 1535ರಲ್ಲಿ ಮತ್ತೆ ಬಂದರು. ಮರುವರ್ಷ ತೀರಿಕೊಂಡಾಗ ಕ್ಯಾಥೊಲಿಕ್ ಪಾದ್ರಿಯಾದ ಅವರನ್ನು ಪ್ರಾಟೆಸ್ಟೆಂಟ್ ಊರು ತನ್ನ ದೊಡ್ಡ ಚರ್ಚಿನಲ್ಲೇ ಮಣ್ಣು ಮಾಡಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಪಕ್ಕದ ಅಂಗಳದ ಗೋಡೆಯಲ್ಲಿ ಗಣಿತಜ್ಞ ಯಾಕೋಬ್ ಬೆರ್ನೂಲಿ ಅವರ ಸಮಾಧಿ ಕಲ್ಲು. ತಮ್ಮ ಕಲ್ಲಿನ ಮೇಲೆ ಲಾಗರಿದಮಿಕ್ ಸುರುಳಿ, ಅಂದರೆ ಹೊರಕ್ಕೆ ಹೋದಂತೆ ಸುತ್ತುಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುವ ಸುರುಳಿ ಇರಬೇಕು ಅಂತ ಅವರಿಗೆ ಆಸೆ. ಕೆತ್ತಿದವನು ಅಂತರ ಒಂದೇ ಸಮ ಇರುವ ಆರ್ಕಿಮಿಡೀಸ್ ಸುರುಳಿ ಕೆತ್ತಿಬಿಟ್ಟ. ಮಕ್ಕಳಿಗೆ ಎರಡರ ವ್ಯತ್ಯಾಸ ಕೇಳಿ. ಈ ಬೆರ್ನೂಲಿಗಳ ಮನೆತನವೂ ಧರ್ಮದ ಹಿಂಸೆಗೆ ಹೆದರಿ ಆಂಟ್‌ವರ್ಪ್ ಬಿಟ್ಟು ಬಂದದ್ದು. ಪಿಯುಸಿ ಫಿಸಿಕ್ಸಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಬೆರ್ನೂಲಿ ಸೂತ್ರ ಯಾಕೋಬರ ತಮ್ಮನ ಮಗ ಡೇನಿಯಲ್ ಅವರದ್ದು.

ಲಿಯೊನಾರ್ಡ್ ಆಯ್ಲರ್ ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. 1707ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿ, ಪಕ್ಕದ ರೀಹೆನ್‌ನಲ್ಲಿ ಬೆಳೆದವರು. ಗಣಿತದಲ್ಲಿ ಇಷ್ಟು ದೊಡ್ಡ ಮನುಷ್ಯ ಮತ್ತೊಬ್ಬ ಸಿಗುವುದು ಕಷ್ಟ. ಆದರೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಲಸ ಕೇಳಿದಾಗ ಸಿಗಲಿಲ್ಲ. 1727ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟರು. ಆಮೇಲೆ ಬರ್ಲಿನ್, ಮತ್ತೆ ಪೀಟರ್ಸ್‌ಬರ್ಗ್. ಹುಟ್ಟೂರಿಗೆ ಮರಳಲೇ ಇಲ್ಲ. ಆದರೂ ಬಾಸೆಲ್‌ನ ಪೌರತ್ವ ಬಿಟ್ಟುಕೊಡಲಿಲ್ಲ. ಅಪ್ಪ ತೀರಿಹೋದ ಮೇಲೆ, 1750ರಲ್ಲಿ, ಫ್ರಾಂಕ್‌ಫರ್ಟ್ ತನಕ ಹೋಗಿ ಅಮ್ಮನನ್ನು ಬರ್ಲಿನ್‌ಗೆ ಕರೆದುಕೊಂಡು ಹೋದರು. ಕೊನೆಯವರೆಗೂ ಆ ತಾಯಿ ಮಗನ ಮನೆಯಲ್ಲೇ ಇದ್ದರು. ಊರಲ್ಲಿ ಒಬ್ಬರೇ ಇರುವ ಅಮ್ಮನ ವೀಸಾಕ್ಕೆ ಓಡಾಡಿದ ಯಾರಿಗೇ ಆದರೂ ಇದು ಗಣಿತದ ಚರಿತ್ರೆಯಾಗಿ ಕಾಣುವುದಿಲ್ಲ, ಸ್ವಂತ ಮನೆಯ ಸುದ್ದಿಯ ಹಾಗೆ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಮ್ಮನನ್ನು ಕರೆಸಿಕೊಳ್ಳುವ ಆ ಭಾಗ್ಯ ಸಿಗುವುದಿಲ್ಲ. ಇಲ್ಲಿನ ನಿಯಮ ಕಠಿಣ. ತಂದೆ-ತಾಯಿಯನ್ನು ಇಲ್ಲೇ ಇರಿಸಿಕೊಳ್ಳುವ ಲೆಕ್ಕ ಹಾಕಿ ಬಂದಿದ್ದರೆ ಆ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಔಷಧ ಕಂಪನಿಯವರು ತಮ್ಮ ಕಸುಬಿನ ಹಿರಿಯರನ್ನೂ ತಿಳಿದಿರಬೇಕು. 1527ರಲ್ಲಿ ಪ್ಯಾರಾಸೆಲ್ಸಸ್ ಇಲ್ಲಿ ಊರ ವೈದ್ಯರಾಗಿದ್ದರು. ಲ್ಯಾಟಿನ್ ಬಿಟ್ಟು ಜನರ ಭಾಷೆಯಲ್ಲಿ ಪಾಠ ಮಾಡಿದರು, ಮರುವರ್ಷವೇ ಊರು ಬಿಡಬೇಕಾಯಿತು. ಶೋನ್‌ಬೈನ್ 1839ರಲ್ಲಿ ಓಝೋನ್ ಕಂಡುಹಿಡಿದದ್ದು ಇಲ್ಲೇ. ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ ಫ್ರೀಡ್ರಿಷ್ ಮೀಷರ್ ಈ ಊರಿನ ಮಗ. ರೈನ್ ನದಿಯ ಸಾಲ್ಮನ್ ಮೀನಿನ ಮೇಲೆ ಆ ಕೆಲಸ ಮುಂದುವರಿಸಿದರು. ಡಿಡಿಟಿ ಕೀಟ ಕೊಲ್ಲುತ್ತದೆ ಅಂತ ತೋರಿಸಿದ ಪಾಲ್ ಮ್ಯುಲರ್‌ಗೆ 1948ರ ನೊಬೆಲ್. ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಇಳಿದದ್ದರಲ್ಲಿ ಡಿಡಿಟಿಯ ಪಾತ್ರ ದೊಡ್ಡದು. ಮಣ್ಣಿಗೂ ಹಕ್ಕಿಗಳಿಗೂ ಆದ ಹಾನಿಯೂ ಅಷ್ಟೇ ನಿಜ.

ಹೆಣ್ಣುಮಕ್ಕಳು ಮರೆಯದೆ ತಿಳಿಯಬೇಕಾದ ಹೆಸರು ಇರಿಸ್ ಫೊನ್ ರೋಟೆನ್. 1917ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದವರು, ಕಾನೂನು ಓದಿದವರು. ಸ್ವಿಸ್ ಹೆಂಗಸರ ಸ್ಥಿತಿಯ ಬಗ್ಗೆ 1958ರಲ್ಲಿ ದೊಡ್ಡ ಪುಸ್ತಕ ಬರೆದರು. ಊರೆಲ್ಲ ಅವರ ಮೇಲೆ ತಿರುಗಿಬಿತ್ತು. ಮರುವರ್ಷದ ಫಾಸ್ನಾಖ್ಟ್ ಅನ್ನುವ ವೇಷದ ಹಬ್ಬದಲ್ಲಿ ಅವರನ್ನು ಆಡಿಕೊಂಡರು. 1959ರ ಫೆಬ್ರವರಿಯಲ್ಲಿ ದೇಶದ ಗಂಡಸರು ಹೆಂಗಸರಿಗೆ ಮತದಾನದ ಹಕ್ಕು ಬೇಡ ಅಂತ ಓಟು ಹಾಕಿದರು. ಅದಕ್ಕೆ ಪ್ರತಿಭಟನೆಯಾಗಿ ಬಾಸೆಲ್‌ನ ಹೆಣ್ಣುಮಕ್ಕಳ ಹೈಸ್ಕೂಲಿನ ಶಿಕ್ಷಕಿಯರು ಒಂದು ದಿನ ಪಾಠ ನಿಲ್ಲಿಸಿದರು. 1966ರಲ್ಲಿ ಬಾಸೆಲ್ ನಗರ ತನ್ನ ಹೆಂಗಸರಿಗೆ ಹಕ್ಕು ಕೊಟ್ಟಿತು, ಜರ್ಮನ್ ಮಾತಾಡುವ ಕ್ಯಾಂಟನ್‌ಗಳಲ್ಲಿ (ಇಲ್ಲಿಯ ರಾಜ್ಯಗಳಲ್ಲಿ) ಅದೇ ಮೊದಲು. ಇಡೀ ದೇಶಕ್ಕೆ ಬಂದದ್ದು 1971ರಲ್ಲಿ. ನಮ್ಮ ಅಜ್ಜಿಯರು 1952ರಲ್ಲೇ ಸಾಲಿನಲ್ಲಿ ನಿಂತು ಓಟು ಹಾಕಿದ್ದರು! ಇಲ್ಲಿ ಯಾರಾದರೂ ನಿಮ್ಮ ದೇಶದಲ್ಲಿ ಹೆಂಗಸರ ಗತಿ ಹೇಗೆ ಅಂತ ಕನಿಕರದಿಂದ ಕೇಳಿದರೆ ತಲೆ ತಗ್ಗಿಸಬೇಡಿ. ಈ ಎರಡು ವರ್ಷಗಳನ್ನೂ ಹೇಳಿ, ಆಮೇಲೆ ಎರಡೂ ಕಡೆ ಉಳಿದಿರುವ ಕೆಲಸದ ಬಗ್ಗೆ ಮಾತಾಡಿ.

ಮಕ್ಕಳಿಗೆ ರೋಜರ್ ಫೆಡರರ್ ಸಾಕು, ಪರಿಚಯ ಬೇಡ. ಅವರ ಅಮ್ಮ ದಕ್ಷಿಣ ಆಫ್ರಿಕಾದವರು ಅನ್ನುವುದನ್ನು ಮಾತ್ರ ಹೇಳಿ. ಸಂಕ್ಟ್ ಯಾಕೋಬ್‌ಹಾಲೆಯಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದ ಅವರು ಅದೇ ಅಂಗಳದ ಟೆನಿಸ್ ಟೂರ್ನಿಯನ್ನು 10 ಸಲ ಗೆದ್ದರು. ಗೆದ್ದಾಗ ಚೆಂಡು ಹೆಕ್ಕುವ ಮಕ್ಕಳ ಜೊತೆ ಕೂತು ಪಿಜ್ಜಾ ತಿನ್ನುತ್ತಿದ್ದರು.

ಕುನ್ಸ್ಟ್‌ಮ್ಯೂಸಿಯಂ ಅನ್ನುವ ಕಲಾ ಸಂಗ್ರಹಾಲಯಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಿ. 1967ರಲ್ಲಿ ಅಲ್ಲಿದ್ದ ಎರಡು ಪಿಕಾಸೊ ಚಿತ್ರಗಳು ಮಾರಾಟವಾಗಿ ಊರು ಬಿಡುವ ಹಂತಕ್ಕೆ ಬಂದವು. ಅವುಗಳನ್ನು ಉಳಿಸಿಕೊಳ್ಳಲು 60 ಲಕ್ಷ ಫ್ರಾಂಕ್ ಕೊಡೋಣ ಅಂತ ಜನರೇ ಓಟು ಹಾಕಿ ತೀರ್ಮಾನಿಸಿದರು. ಮಿಕ್ಕದ್ದನ್ನು ಬೀದಿಯಲ್ಲಿ ಹಬ್ಬ ಮಾಡಿ ಚಂದಾ ಎತ್ತಿದರು. ಮನಸ್ಸು ಕರಗಿದ ಪಿಕಾಸೊ ಇನ್ನೂ ನಾಲ್ಕು ಕೃತಿಗಳನ್ನು ಊರಿಗೆ ಕೊಟ್ಟರು. ಈ ಊರಿನ ಜನ ಮಾತು ಕಡಿಮೆ, ಗಟ್ಟಿ ಮುಖ ಅಂತ ದೂರುವ ಮೊದಲು ಇದನ್ನು ನೆನೆಯಿರಿ.

ಕೊನೆಗೆ ಒಂದು ಕೆಲಸದ ಮಾತು. ಮಿಸಿಯೋನ್ಸ್‌ಸ್ಟ್ರಾಸೆಯ ಆ ಕಟ್ಟಡದಲ್ಲಿ ಮಿಶನ್ನಿನ ದಾಖಲೆ ಸಂಗ್ರಹ ಇದೆ. ಈಗ ಅದನ್ನು ಮಿಶನ್ 21 ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮ ಊರುಗಳಿಂದ ಬಂದ ಪತ್ರಗಳು, ನಕ್ಷೆಗಳು, ಹಳೆಯ ಫೋಟೋಗಳು ಅಲ್ಲಿವೆ. ಹೋಗುವ ಮೊದಲು ಮೇಲ್ ಬರೆದು ಸಮಯ ಕೇಳಿಕೊಳ್ಳಿ. ಫೋಟೋಗಳನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲೂ ಹುಡುಕಬಹುದು. ಹುಡುಕುವಾಗ ಊರಿನ ಹೆಸರನ್ನು ಬ್ರಿಟಿಷರ ಕಾಲದ ಸ್ಪೆಲಿಂಗ್‌ನಲ್ಲಿ ಹಾಕಿ. ಮಡಿಕೇರಿ ಸಿಗದಿದ್ದರೆ ಮರ್ಕೆರಾ ಅಂತ ಹಾಕಿ ನೋಡಿ, ಧಾರವಾಡಕ್ಕೆ ಧಾರ್ವಾರ್ ಅಂತ. ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿ, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹುಡುಕಿ. ಫೋಟೋದಲ್ಲಿರುವ ಓಣಿ ಯಾವುದು, ಆ ಕೆರೆ ಈಗ ಎಲ್ಲಿದೆ ಅಂತ ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.